ಮಾನಪತ್ರಕ್ಕೆ ಇಂಗ್ಲಿಷ್ ಚಾನ್ಸರಿ ಇಟಾಲಿಕ್: ಪಕ್ಕದ ಕನ್ನಡವನ್ನೂ ಓರೆ ಮಾಡಬೇಕಾ?

ಶಹಾಬಜಾರ ಡಿಟಿಪಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ್ರಿ. ಕಾಲೇಜಿನ ಪ್ರಾಚಾರ್ಯರ ಬೀಳ್ಕೊಡುಗೆಗೆ ಮಾನಪತ್ರದ ಕೆಲಸ ಅದ. ಚೌಕಟ್ಟು ಹಾಕೋದು ಎ3 ಒಂದು, ಹಂಚೋದು ಎ4 60 ಪ್ರತಿ. ಮ್ಯಾಲ ಕನ್ನಡ, ಕೆಳಗ ಇಂಗ್ಲಿಷ್. ತಲೆಬರಹ ಮತ್ತ ಹೆಸರು ಬಂಗಾರ ಫಾಯಿಲ್ (ಬಿಸಿ ಒತ್ತಿ ಅಂಟಿಸೋ ಹೊಳಪಿನ ಪೊರೆ), ಉಳಿದದ್ದು ಕಪ್ಪು.

ಸಮಿತಿಯವರು ಹೇಳೋದು ಒಂದೇ ಮಾತು: ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕೈಲೆ ಬರದಂಗ ಕಾಣಬೇಕು. ಇಂಗ್ಲಿಷಿಗೆ ಮಾನೊಟೈಪ್ ಕೊರ್ಸಿವಾ ಹಾಕೀನಿ. ಪ್ರಾಚಾರ್ಯರ ಹೆಸರು ಪೂರಾ ಕ್ಯಾಪಿಟಲ್‌ನಾಗ 34 ಪಾಯಿಂಟ್ ಅದ. ಕನ್ನಡಕ್ಕ ನುಡಿ ಫಾಂಟ್ ಹಾಕಿ ಕೋರಲ್ ಡ್ರಾ ಸಾಫ್ಟ್‌ವೇರ್‌ನಾಗ 15 ಡಿಗ್ರಿ ಸ್ಕ್ಯೂ ಕೊಟ್ಟು ಓರೆ ಮಾಡೀನಿ. ಪ್ರೂಫ್ ತಗದು ನೋಡಿದ್ರ ಎರಡೂ ಕೂಡವಲ್ಲವು. ಇಂಗ್ಲಿಷ್ ಹೆಸರು ಓದಲಿಕ್ಕೆ ಬರಂಗಿಲ್ಲ, ಕನ್ನಡದಾಗ ಒತ್ತಕ್ಷರ ಪಕ್ಕದ ಅಕ್ಷರದ ಕಾಲಿಗೆ ತಾಗ್ಯಾವ, ‘ನಿವೃತ್ತಿ’, ‘ಪ್ರಾಚಾರ್ಯ’ ಎರಡೂ ಕೆಟ್ಟ ಕಾಣ್ತಾವ.

ಮೂರು ಪ್ರಶ್ನೆ ಅವ. ಇಂಗ್ಲಿಷಿಗೆ ಯಾವ ಫಾಂಟ್ ಸರಿ? ಕನ್ನಡ ಓರೆ ಮಾಡೋದು ಸರಿನಾ ತಪ್ಪಾ? ಫಾಯಿಲ್‌ಗೆ ಇಷ್ಟು ತೆಳು ಗೆರೆ ನಿಲ್ತದೇನು?

ಬೀದರದಾಗ ಬಿದರಿ ಫಲಕದ ಮ್ಯಾಲೂ ಇದೇ ಹೆಸರು ಕೆತ್ತಿಸೋದು ಅದ. ಅದಕ್ಕ ಅಕ್ಷರ ಹ್ಯಾಂಗ ಕೊಡಬೇಕು ಅಂಬೋದೂ ಹೇಳ್ರಿ.

---

ಅಚ್ಚುಮೊಳೆ:

ಮೊದಲು ಹೆಸರಿನ ಸಾಲು ಸರಿ ಮಾಡಿಕೊಳ್ಳಿ. ನೀವು ಹಾಕಿದ ಕೊರ್ಸಿವಾ ಚಾನ್ಸರಿ ಇಟಾಲಿಕ್ ಜಾತಿಯದು, ಅಂದರೆ ಚಪ್ಪಟೆ ನಿಬ್ಬಿನ ಓರೆ ಕೈಬರಹದ ಶೈಲಿ. ಅದರ ಕ್ಯಾಪಿಟಲ್ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಲು ಬರೆದದ್ದೇ ಅಲ್ಲ. ಪದದ ಆರಂಭದಲ್ಲಿ ಒಂದು ಬಂದು, ಮುಂದಿನದ್ದೆಲ್ಲ ಸಣ್ಣಕ್ಷರ ಆಗಿರಲಿ ಎಂದು ಅವುಗಳ ಬೀಸು, ಬಾಲ ಎಲ್ಲ ಇರುತ್ತವೆ. ಆರು ಬಾಲ ಒಂದರ ಪಕ್ಕ ಒಂದು ಬಂದರೆ ಒಂದರ ಬಾಲ ಇನ್ನೊಂದರ ಕಾಲಿಗೆ ಸಿಕ್ಕಿ ಓದುಗ ತಡವರಿಸುತ್ತಾನೆ. ಸಾಲನ್ನು ಮೊದಲಕ್ಷರ ಮಾತ್ರ ಕ್ಯಾಪಿಟಲ್ ಇರುವಂತೆ ಬದಲಿಸಿ, ಅರ್ಧ ತೊಂದರೆ ಅಲ್ಲಿಗೇ ಹೋಗುತ್ತದೆ.

ಪೂರ್ತಿ ಕ್ಯಾಪಿಟಲ್ಲೇ ಬೇಕು ಎಂದು ಸಮಿತಿ ಪಟ್ಟು ಹಿಡಿದರೆ ಆ ಒಂದು ಸಾಲಿಗೆ ನೆಟ್ಟಗಿನ ರೋಮನ್ ಕ್ಯಾಪಿಟಲ್ ಬಳಸಿ. ಗ್ಯಾರಮಂಡ್ ತರಹದ ಹಳೆ ಶೈಲಿಯದು ಸಾಕು, ಅಕ್ಷರಗಳ ನಡುವೆ 50ರಿಂದ 80 ಟ್ರ್ಯಾಕಿಂಗ್ ಕೊಡಿ. ಇದು ಶೈಲಿ ಕೆಡಿಸುವ ಕೆಲಸ ಅಲ್ಲ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನುಟಿಯಸ್ ಮೊದಲ ಸಲ ಇಟಾಲಿಕ್ ಅಚ್ಚಿನಲ್ಲಿ ಪುಸ್ತಕ ತಂದಾಗ ಸಣ್ಣಕ್ಷರಗಳಷ್ಟೇ ಓರೆ ಇದ್ದವು, ಕ್ಯಾಪಿಟಲ್ ನೆಟ್ಟಗೇ ನಿಂತಿದ್ದವು. ಆ ಅಚ್ಚುಮೊಳೆ ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ನೆಟ್ಟಗಿನ ಕ್ಯಾಪಿಟಲ್, ಓರೆ ಸಣ್ಣಕ್ಷರ ಈ ಜೋಡಿಗೆ 500 ವರ್ಷದ ಆಧಾರ ಇದೆ ಎಂದು ಸಮಿತಿಗೆ ಹೇಳಬಹುದು.

ಈಗ ಫಾಂಟಿನ ಮಾತು. ಲಗ್ನಪತ್ರಿಕೆಯಲ್ಲಿ ಎರಡು ಬೇರೆ ಜಾತಿಯನ್ನು ಒಂದೇ ಎಂದು ಬೆರೆಸುವ ರೂಢಿ ಇದೆ. ಒಂದು ಕಾಪರ್‌ಪ್ಲೇಟ್. ಚೂಪು ನಿಬ್ಬು, ಒತ್ತಿದಾಗ ದಪ್ಪ, ಸಡಿಲ ಬಿಟ್ಟಾಗ ತೆಳು, ಅಕ್ಷರ ಅಕ್ಷರ ಕೂಡಿಕೊಂಡೇ ಹೋಗುತ್ತವೆ. ಇನ್ನೊಂದು ಚಾನ್ಸರಿ. ಚಪ್ಪಟೆ ನಿಬ್ಬು, ಒತ್ತಡ ಬದಲಾಗುವುದಿಲ್ಲ, ನಿಬ್ಬು ಹಿಡಿದ ಕೋನದಿಂದಲೇ ದಪ್ಪ ತೆಳು ಹುಟ್ಟುತ್ತದೆ. ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪೋಪ್ ಕಚೇರಿಯ ಬರಹಗಾರರ ಕೈ ಇದು. ಆ ಕೈಯನ್ನು ಕಲಿಸಲು ಲುಡೊವಿಕೊ ಅರ್ರಿಗಿ ಎಂಬ ಬರಹಗಾರ 1522ರ ತಾರೀಖು ಹಾಕಿ ರೋಮ್‌ನಲ್ಲಿ ಕಿರುಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಮಾನಪತ್ರ ಎಂದರೆ ಒಂದು ಸಂಸ್ಥೆ ಅಧಿಕೃತವಾಗಿ ಕೊಡುವ ಪತ್ರ, ಅದಕ್ಕೆ ಕಚೇರಿಯ ಕೈಯೇ ಒಪ್ಪುತ್ತದೆ. ಕಾಪರ್‌ಪ್ಲೇಟ್ ಲಗ್ನಪತ್ರಿಕೆಗಿರಲಿ.

ಕೊರ್ಸಿವಾ ತಪ್ಪು ಆಯ್ಕೆಯೇನಲ್ಲ. ಮಾನೊಟೈಪ್‌ಗೆ ಪ್ಯಾಟ್ರಿಷಿಯಾ ಸಾಂಡರ್ಸ್ ಅರ್ರಿಗಿಯ ಅಚ್ಚುಗಳ ದಾರಿ ಹಿಡಿದು ಮಾಡಿದ್ದು. ಆದರೆ ಎಂಎಸ್ ಆಫೀಸ್ ಜೊತೆ ಬಂದದ್ದರಿಂದ ಎಲ್ಲ ಪ್ರಮಾಣಪತ್ರದಲ್ಲೂ ಅದೇ ಕಂಡು ಸವೆದು ಹೋಗಿದೆ. ಹರ್ಮನ್ ಜಾಫ್ ಮಾಡಿದ ಐಟಿಸಿ ಜಾಫ್ ಚಾನ್ಸರಿ 1979ರದು. ಅದರ ಮೀಡಿಯಂ ಇಟಾಲಿಕ್‌ನ ಗೆರೆ ಇನ್ನೂ ಗಟ್ಟಿ, ದೂರದಿಂದ ಚೆನ್ನಾಗಿ ಓದಿಸುತ್ತದೆ. ಫಾಂಟ್ ಕೊಳ್ಳುವ ಖರ್ಚು ಬೇಡವೆಂದರೆ ಅದೇ ವಿನ್ಯಾಸದ ದಾರಿಯ ಟೆಕ್ ಗೈರ್ ಕೋರಸ್ ಉಚಿತ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಟ್ಯಾಂಜರೀನ್ ಕೂಡ ಉಚಿತ. ಆದರೆ ಅದರ ಸಣ್ಣಕ್ಷರ ತೀರಾ ಗಿಡ್ಡ, ಗೆರೆ ತೀರಾ ತೆಳು, ಫಾಯಿಲ್‌ಗೆ ತೆಗೆದುಕೊಳ್ಳಬೇಡಿ.

ಒಂದು ಎಚ್ಚರ. ಜಾಫ್ ಚಾನ್ಸರಿಯಲ್ಲಿ ಸಣ್ಣಕ್ಷರದ ಮೈ ಫಾಂಟ್ ಅಳತೆಯ ಶೇ 44ರಷ್ಟೇ ಇದೆ. 20 ಪಾಯಿಂಟ್ ಎಂದು ಹಾಕಿದರೂ ಸಣ್ಣಕ್ಷರದ ಎತ್ತರ ಸುಮಾರು 3.1 ಮಿ.ಮೀ. ಮಾತ್ರ. ಹಾಗಾಗಿ ಒಕ್ಕಣೆಗೆ ಇಲ್ಲಿ 16 ಪಾಯಿಂಟ್ ಬೇಕು, ಸಾಲಿನ ಅಂತರ 22ರಿಂದ 24. ಎ4ಗೆ ತಲೆಬರಹ 38, ಹೆಸರು 30, ಒಕ್ಕಣೆ 16 ಇಟ್ಟು ನೋಡಿ. ಎ3ಗೆ ಅದನ್ನೇ ಶೇ 141 ಮಾಡಿ ಸುಮ್ಮನಾಗಬೇಡಿ. ಅದು ಗೋಡೆಯ ಮೇಲೆ ಎರಡು ಮೀಟರ್ ದೂರದಿಂದ ಓದುವಂಥದ್ದು, ಒಕ್ಕಣೆಯನ್ನು 26ಕ್ಕೆ ಏರಿಸಿ, ಪದ ಕಡಿಮೆ ಮಾಡಿಸಿ.

ಬಾಲದ ಅಕ್ಷರಗಳ ವಿಷಯ: ಓಪನ್‌ಟೈಪ್‌ನಲ್ಲಿ ಸ್ವಾಶ್ ಇರುವ ಫಾಂಟ್ ಸಿಕ್ಕರೆ ಇಡೀ ಪತ್ರಕ್ಕೆ ಸ್ವಾಶ್ ಚಾಲೂ ಮಾಡಿ ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ತಲೆಬರಹದ ಮೊದಲಕ್ಷರಕ್ಕೆ ಒಂದು, ಹೆಸರಿನ ಕೊನೆಯ ಅಕ್ಷರಕ್ಕೆ ಬೇಕಿದ್ದರೆ ಇನ್ನೊಂದು, ಅಷ್ಟೇ. ಬಾಲ ಹೋಗುವ ಕಡೆ ಖಾಲಿ ಜಾಗ ಇರಬೇಕು. ಮೇಲಿನ ಸಾಲಿನ ಕೆಳಬಾಲ ಕೆಳಗಿನ ಸಾಲಿನ ಮೇಲ್ಬೀಸಿಗೆ ತಾಗಿದರೆ ಎರಡರಲ್ಲೊಂದನ್ನು ಸಾದಾ ಮಾಡಿ. ಇಂಗ್ಲಿಷ್ ಭಾಗವನ್ನು ವರ್ಡ್‌ನಲ್ಲಿ ಜೋಡಿಸುತ್ತಿದ್ದರೆ ಫಾಂಟ್, ಅಡ್ವಾನ್ಸ್ಡ್‌ಗೆ ಹೋಗಿ ಕರ್ನಿಂಗ್ (ಅಕ್ಷರ ಜೋಡಿಗಳ ನಡುವಿನ ಕಂಡಿ ತಿದ್ದುವುದು) ಗುರುತು ಹಾಕಿ. ಹಳೆಯ ವರ್ಡ್‌ನಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ, ಕ್ಯಾಪಿಟಲ್ ವಿ, ಟಿ, ಡಬ್ಲ್ಯೂ ಮುಂದೆ ಕಾಣುವ ದೊಡ್ಡ ಕಂಡಿಗೆ ಅದೇ ಕಾರಣ.

---

ಕಲಮು, ಕಾಗದ (ಯಾದಗಿರಿ):

ಕನ್ನಡದ ಮಾತು ನಾ ಹೇಳ್ತೀನ್ರಿ. 15 ಡಿಗ್ರಿ ಸ್ಕ್ಯೂ ತಗದು ಬಿಡ್ರಿ. ಯಾಕ ಅಂಬೋದು ಅಳತಿ ಹಿಡದೇ ಹೇಳ್ತೀನಿ.

ಸ್ಕ್ಯೂ ಮಾಡಿದಾಗ ಪಾದದ ಗೆರೆ ಮ್ಯಾಲಿದ್ದದ್ದು ಬಲಕ್ಕ, ಕೆಳಗಿದ್ದದ್ದು ಎಡಕ್ಕ ಸರೀತದ. 15 ಡಿಗ್ರಿಗೆ ಪ್ರತಿ 10 ಮಿ.ಮೀ.ಗೆ 2.7 ಮಿ.ಮೀ. ಇಂಗ್ಲಿಷ್‌ನಾಗ ಪಾದದ ಕೆಳಗ ಇಳಿಯೋ ಅಕ್ಷರ ನಾಕೈದು, ಅದಕ್ಕ ಗೊತ್ತಾಗಲ್ಲ. ಕನ್ನಡದಾಗ ಕೆಳಗ ಪೂರಾ ಒತ್ತಕ್ಷರದ ಸಾಲೇ ಅದ. ‘ನಿವೃತ್ತಿ’ ತಗೋರಿ. ‘ವೃ’ದ ಸುಳಿ ಕೆಳಗ, ‘ತ್ತಿ’ಯ ಒತ್ತು ಕೆಳಗ, ‘ನಿ’ಯ ಗುಡಿಸು ಮ್ಯಾಲ. ಅಕ್ಷರದ ಮೈ 10 ಮಿ.ಮೀ. ಇದ್ದು ಒತ್ತು 6 ಮಿ.ಮೀ. ಕೆಳಗ ಇಳಿದಿದ್ರ ಆ ಒತ್ತು 1.6 ಮಿ.ಮೀ. ಎಡಕ್ಕ ಬಂತು, 12 ಮಿ.ಮೀ. ಎತ್ತರದ ಗುಡಿಸು 3.2 ಮಿ.ಮೀ. ಬಲಕ್ಕ ಹೋಯ್ತು. ಒತ್ತು ತನ್ನ ಅಕ್ಷರ ಬಿಟ್ಟು ಹಿಂದಿನ ಅಕ್ಷರದ ಕೆಳಗ ನಿಂತಂಗ, ಗುಡಿಸು ಮುಂದಿನ ಅಕ್ಷರದ ತಲೆಕಟ್ಟಿನ ಮ್ಯಾಲ ಕುಂತಂಗ ಕಾಣ್ತದ. ನೀವು ಹೇಳಿದ ‘ತಾಗ್ಯಾವ’ ಇದೇ. ಫಾಂಟಿನ ತಪ್ಪಲ್ಲ.

ಇನ್ನೊಂದು ಮಾತು, ಇದೇ ಮುಖ್ಯ. ಇಂಗ್ಲಿಷ್ ಇಟಾಲಿಕ್ ಚಂದ ಕಾಣೋದು ಓರೆ ಇದ್ದದ್ದಕ್ಕಲ್ಲ. ಚಪ್ಪಟೆ ನಿಬ್ಬು 40–45 ಡಿಗ್ರಿಗೆ ಹಿಡದು ಬರದದ್ದಕ್ಕ. ಆ ನಿಬ್ಬಿಗೆ ಕೆಳಗಿನ ಎಡದಿಂದ ಮ್ಯಾಲಿನ ಬಲಕ್ಕ ಹೋಗೋ ಗೆರೆ ತೆಳು, ಮ್ಯಾಲಿನ ಎಡದಿಂದ ಕೆಳಗಿನ ಬಲಕ್ಕ ಇಳಿಯೋ ಗೆರೆ ದಪ್ಪ. ಪ್ರೂಫ್ ಮ್ಯಾಲ ಇಂಗ್ಲಿಷ್ ‘ಓ’ ಅಕ್ಷರಕ್ಕ ಭೂತಗನ್ನಡಿ ಹಿಡೀರಿ. ಗಡಿಯಾರ ಅಂತ ತಿಳಕೊಂಡ್ರ ಹತ್ತು–ಹನ್ನೊಂದರ ನಡುವ ಮತ್ತ ನಾಕು–ಐದರ ನಡುವ ಗೆರೆ ಕೂದಲೆಳಿ ಆಗ್ತದ, ಒಂದು–ಎರಡರ ಹತ್ತರ ಮತ್ತ ಏಳು–ಎಂಟರ ಹತ್ತರ ಪೂರಾ ದಪ್ಪ ಬರ್ತದ. ಈಗ ಪಕ್ಕದಾಗ ಕನ್ನಡದ ಅನುಸ್ವಾರ ನೋಡ್ರಿ, ‘ಅಂ’ದಾಗಿನ ಸೊನ್ನಿ. ನೀವು ಹಾಕಿದ ಫಾಂಟ್‌ನಾಗ ಅದು ಸುತ್ತಲೂ ಒಂದೇ ದಪ್ಪ ಇದ್ರ, ಎಷ್ಟು ಓರೆ ಮಾಡಿದ್ರೂ ಎರಡೂ ಒಂದೇ ಕೈ ಅನಸಂಗಿಲ್ಲ. 15 ಡಿಗ್ರಿ ಸ್ಕ್ಯೂ ಕೊಟ್ರ ಸೊನ್ನಿ ತತ್ತಿ ಆಗ್ತದ, ದಪ್ಪ–ತೆಳು ವ್ಯತ್ಯಾಸ ಬರೇ 1.3 ಪಟ್ಟು ಬರ್ತದ. ಚಾನ್ಸರಿಯೊಳಗ ಅದು ಹಲವು ಪಟ್ಟು ಇರ್ತದ. ತಾಳೆಗರಿ ಮ್ಯಾಲ ಕಬ್ಬಿಣದ ಕಂಟದ ಮೊನೆಯಿಂದ ಕೊರದು ಬೆಳದ ಲಿಪಿ ನಮ್ಮದು. ಕೊರದ ಗೆರೆ ಎಲ್ಲಾ ಕಡೆ ಒಂದೇ ದಪ್ಪ, ತಾಳೆಗರಿಯಿಂದಲೇ ಕನ್ನಡಕ್ಕ ಗುಂಡಗಿನ ಮೈ ಬಂದದ ಅಂತಾರ, ಇಟಾಲಿಕ್ ಅಂಬೋ ಬ್ಯಾರೆ ಕೈ ಬೆಳೀಲಿಲ್ಲ.

ಹಂಗಾದ್ರ ಏನ್ ಮಾಡಬೇಕು? ಕನ್ನಡ ನೆಟ್ಟಗೇ ಇಡ್ರಿ, ದಪ್ಪ–ತೆಳು ಇರೋ ಫಾಂಟ್ ತಗೋರಿ. ಟೈರೋ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡೂ ಉಚಿತ. ಟೈರೋದಾಗ ಇಟಾಲಿಕ್ ಬ್ಯಾರೆ ಫೈಲೇ ಅದ. ಓರೆ ಬೇಕೇ ಬೇಕು ಅಂದ್ರ ಅದನ್ನೇ ಹಾಕ್ರಿ, ಕೋರಲ್ ಸ್ಕ್ಯೂ ಬ್ಯಾಡ. ಫಾಂಟ್ ಮಾಡೋರೇ ಇಟಾಲಿಕ್ ಫೈಲ್ ಕೊಟ್ಟಿದ್ರ ಒತ್ತಕ್ಷರದ ಜಾಗ ಅವರೇ ತಿದ್ದಿ ಕೊಡಬಹುದು, ಸ್ಕ್ಯೂ ತಿದ್ದಂಗಿಲ್ಲ. ಹಾಕಿದ ಮ್ಯಾಲ ‘ಸ್ತ್ರೀ’, ‘ನಿವೃತ್ತಿ’, ‘ಕೃತಜ್ಞತೆ’, ‘ಲಕ್ಷ್ಮೀ’ ಈ ನಾಕು ಪದ ಬರದು ನೋಡ್ರಿ. ಇವು ಸರಿ ಬಂದ್ರ ಉಳಿದದ್ದು ಸರಿ ಬರ್ತದ.

ಅಳತಿ ಹೊಂದಸೋದು: ‘ನ’ ಮತ್ತ ಇಂಗ್ಲಿಷ್ ‘ಎನ್’ ಸಣ್ಣಕ್ಷರ ಎರಡೂ 100 ಪಾಯಿಂಟ್‌ಗೆ ಹಾಕಿ ಪ್ರಿಂಟ್ ತಗೀರಿ. ಪಟ್ಟಿ ಹಿಡದು ಎರಡರ ಎತ್ತರ ಅಳೀರಿ. ತಲೆಕಟ್ಟು ಸೇರಿ ‘ನ’ದ ಎತ್ತರ ‘ಎನ್’ಗಿಂತ 1.15ರಿಂದ 1.25 ಪಟ್ಟು ಬರೋವರೆಗೂ ಕನ್ನಡದ ಪಾಯಿಂಟ್ ಇಳಸ್ರಿ. ಸಮ ಮಾಡಬ್ಯಾಡ್ರಿ. ಕನ್ನಡ ಅಕ್ಷರದೊಳಗ ಸುಳಿ ಜಾಸ್ತಿ, ಸಮ ಮಾಡಿದ್ರ ಕನ್ನಡ ಇಕ್ಕಟ್ಟಾಗಿ ಸಣ್ಣದು ಕಾಣ್ತದ. ಎರಡೂ ಭಾಷೆಗೆ ಪಾಯಿಂಟ್ ಒಂದೇ ಇರಬೇಕು ಅಂಬೋ ಹಟ ಬಿಡ್ರಿ, ಓದೋರಿಗೆ ಪಾಯಿಂಟ್ ಕಾಣಂಗಿಲ್ಲ.

ತಲೆಬರಹ ‘ಮಾನಪತ್ರ’ ಅಂಬೋ ಒಂದೇ ಪದಕ್ಕ ನನ್ನ ಸಲಹೆ ಫಾಂಟೇ ಅಲ್ಲ. 5 ಮಿ.ಮೀ. ಚಪ್ಪಟೆ ನಿಬ್ಬು ತಗೋರಿ, 40 ಡಿಗ್ರಿಗೆ ಹಿಡೀರಿ, ಅಕ್ಷರದ ಮೈ 5 ನಿಬ್ಬಿನ ಎತ್ತರ ಅಂದ್ರ 25 ಮಿ.ಮೀ. ಇಡ್ರಿ. ಚಾನ್ಸರಿ ಸಣ್ಣಕ್ಷರಕ್ಕೂ ಇದೇ 5 ನಿಬ್ಬಿನ ಲೆಕ್ಕ, ಅದಕ್ಕ ಜೋಡಿ ಕೂಡ್ತದ. ನಿಬ್ಬಿನ ಕೋನ ಪದ ಮುಗಿಯೋವರೆಗೂ ಬದಲಾಗಬಾರದು. ‘ಮಾ’ದ ದೀರ್ಘ ಮುಗಸುವಾಗ ಕೈ ತಿರುಗೋದು ಸಹಜ, ಅಲ್ಲೇ ಎಲ್ಲಾರೂ ತಪ್ಪತಾರ. ನುಣುಪು ಹಾಳಿ ಮ್ಯಾಲ ಹತ್ತು ಸಲ ಬರೀರಿ, ಚಲೋದು ಆರಿಸಿ 600 ಡಿಪಿಐ ಕಪ್ಪು–ಬಿಳಿ ಸ್ಕ್ಯಾನ್ ಮಾಡ್ರಿ, ಟ್ರೇಸ್ ಮಾಡಿ ಗೆರೆ ಮ್ಯಾಲಿನ ಬಿಂದು (ನೋಡ್) ಕಡಿಮಿ ಮಾಡ್ರಿ. ಟ್ರೇಸ್ ಆದ ಮ್ಯಾಲ ಗೆರೆ ಅಂಚು ಗರಗಸ ಹಲ್ಲಿನಂಗ ಕಂಡ್ರ ಹಾಳಿ ಒರಟದ ಅಂತ ಅರ್ಥ, ಸ್ಮೂತ್ ಜಾಸ್ತಿ ಮಾಡಿ ಮುಚ್ಚಬ್ಯಾಡ್ರಿ, ಮೂಲೆ ಎಲ್ಲಾ ಕರಗಿ ಹೋಗ್ತಾವ. ಹಾಳಿ ಬದಲಿಸಿ ಮತ್ತ ಬರೀರಿ.

---

ಶಹಾಬಜಾರ ಡಿಟಿಪಿ, ಕಲಬುರಗಿ:

ಭಾಳ ಛಲೋ ತಿಳೀತ್ರಿ ಇಬ್ಬರಿಗೂ. ಕನ್ನಡ ನೆಟ್ಟಗ ಮಾಡಿ ಟೈರೋ ಹಾಕೀನಿ, ಇಂಗ್ಲಿಷಿಗೆ ಕೋರಸ್. ಕಣ್ಣಿಗೆ ಈಗ ತಣ್ಣಗ ಅದ. ಆದ್ರ ಒಕ್ಕಣೆ ಅವರು ಕೊಟ್ಟದ್ದು ಹಳೆ ನುಡಿ ಫೈಲ್‌ನಾಗ. ಟೈರೋಗೆ ಬದಲಿ ಮಾಡಿದ್ರ ಪೂರಾ ಇಂಗ್ಲಿಷ್ ಚಿಹ್ನೆ ಬಂದ್ವು. ಕನ್ವರ್ಟ್ ಮಾಡಿದ ಮ್ಯಾಲ ‘ಪ್ರಾಚಾರ್ಯ’ದಾಗ ಅರ್ಕಾವೊತ್ತು ಬರ್ತದ, ಅವರಿಗೆ ‘ರ’ ಕೆಳಗ ‘ಯ’ ಒತ್ತು ಬೇಕಂತ. ಮತ್ತ ಫಾಯಿಲ್‌ದು ಯಾರರೆ ಹೇಳ್ರಿ.

---

ಅಚ್ಚುಮೊಳೆ:

ಹಳೆ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಫಾಂಟ್ ಬದಲಿಸಿದ ತಕ್ಷಣ ಅಡಿಯಲ್ಲಿದ್ದ ಇಂಗ್ಲಿಷ್ ಹೊರಬರುತ್ತದೆ. ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಂಡು, ಆಮೇಲೆ ಮೂಲವನ್ನು ಪಕ್ಕದಲ್ಲಿಟ್ಟು ಪದ ಪದ ಓದಿ ನೋಡಿ. ಅರ್ಕಾವೊತ್ತು, ಅಂಕಿಗಳು, ಉದ್ಧರಣ ಚಿಹ್ನೆ, ಇಂಗ್ಲಿಷ್ ಇನಿಷಿಯಲ್‌ಗಳು, ಈ ನಾಲ್ಕು ಕಡೆ ಸಾಮಾನ್ಯವಾಗಿ ಕೆಡುತ್ತದೆ.

ಅರ್ಕಾವೊತ್ತಿನದು ಸುಲಭ. ಯೂನಿಕೋಡ್‌ನಲ್ಲಿ ರ, ವಿರಾಮ (ಅರ್ಧಾಕ್ಷರದ ಚಿಹ್ನೆ), ಯ ಎಂದು ಬಂದರೆ ಅರ್ಕಾವೊತ್ತೇ ಬರುತ್ತದೆ. ‘ರ’ ಪೂರ್ಣ ನಿಂತು ಕೆಳಗೆ ಯ ಒತ್ತು ಬೇಕಾದರೆ ರ ಆದ ಕೂಡಲೇ, ವಿರಾಮಕ್ಕೂ ಮೊದಲು, ಜೀರೊ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಹಾಕಬೇಕು. ಎರಡರಲ್ಲಿ ಯಾವುದಾದರೂ ಆಗಲಿ, ಇಡೀ ಪತ್ರದಲ್ಲಿ ಒಂದೇ ಇರಲಿ. ‘ಪ್ರಾಚಾರ್ಯ’ ಒಂದು ರೀತಿ, ‘ಕಾರ್ಯದರ್ಶಿ’ ಇನ್ನೊಂದು ರೀತಿ ಬಂದರೆ ಚೌಕಟ್ಟು ಹಾಕಿದ ಮೇಲೆ ಅದೇ ಕಣ್ಣಿಗೆ ಚುಚ್ಚುತ್ತದೆ.

ಕೋರಲ್ ಎಕ್ಸ್6ಕ್ಕಿಂತ ಹಳೆಯದಾದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆಯುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಪ್ರೆಸ್ಸಿಗೆ ಕೊಡುವ ಮುಂಚೆ ಎಲ್ಲವನ್ನೂ ಕರ್ವ್ಸ್ (ಫಾಂಟ್ ಬೇಡದ ಆಕಾರ) ಮಾಡಿ, ಆದರೆ ಕರ್ವ್ಸ್ ಮಾಡದ ಮೂಲ ಪ್ರತಿ ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಕೊನೆ ಗಳಿಗೆಯಲ್ಲಿ ಹೆಸರಿನ ಮುಂದೆ ‘ಡಾ.’ ಸೇರಿಸಿ ಎನ್ನುವುದು ಮಾನಪತ್ರದಲ್ಲಿ ತಪ್ಪದ ಮಾತು.

---

ಫಾಯಿಲ್ ಮಶೀನ್, ಕಲಬುರಗಿ:

ಫಾಯಿಲ್ ಬಗ್ಗೆ. ಬ್ಲಾಕ್ (ಲೋಹದ ಅಚ್ಚು) ಒತ್ತೋ ಬಿಸಿ ಫಾಯಿಲ್‌ಗೆ ನುಣುಪು ಬೋರ್ಡ್ ಮೇಲೆ ಗೆರೆ 0.25 ಮಿ.ಮೀ.ಗಿಂತ ತೆಳುವಾಗಬಾರದು, ಕಂಡಿ 0.4 ಮಿ.ಮೀ.ಗಿಂತ ಕಡಿಮೆ ಆಗಬಾರದು. ಗೀರುಗೀರಿನ ಟೆಕ್ಸ್ಚರ್ ಕಾಗದಕ್ಕೆ ಗೆರೆ 0.35 ಇಟ್ಟುಕೊಳ್ರಿ. ಮಾನಪತ್ರ ಅಂದ ಕೂಡಲೇ ಟೆಕ್ಸ್ಚರ್ ಕಾಗದ ತರ್ತಾರೆ, ಚಾನ್ಸರಿಗೆ ಅದು ಕೂಡಿ ಬರಲ್ಲ. ಬ್ಲಾಕ್ ತಗ್ಗಿನ ತಳ ಮುಟ್ಟಲ್ಲ, ಕೂದಲೆಳೆ ಗೆರೆ ಚುಕ್ಕಿ ಚುಕ್ಕಿಯಾಗಿ ಬರ್ತದೆ. 300 ಜಿಎಸ್‌ಎಂ ನುಣುಪು ಐವರಿ ಬೋರ್ಡ್ ತಗೊಳ್ಳಿ.

ಅಳೆಯೋದು ಹೀಗೆ. ಕೋರಲ್‌ನಲ್ಲಿ ಹೆಸರಿನ ಸಾಲು ನಿಜ ಅಳತೆಯಲ್ಲಿ ಕರ್ವ್ಸ್ ಮಾಡಿ, ಅತ್ಯಂತ ತೆಳು ಜಾಗಕ್ಕೆ ಝೂಮ್ ಹೋಗಿ ಡೈಮೆನ್ಶನ್ ಟೂಲ್‌ನಿಂದ ಅಳೀರಿ. ಇಂಗ್ಲಿಷ್ ‘ಇ’ ಸಣ್ಣಕ್ಷರದ ಅಡ್ಡಗೆರೆ, ‘ಎನ್’ ಕಮಾನು ಕಾಲಿನಿಂದ ಎದ್ದು ಹೊರಡೋ ಜಾಗ, ಇವೆರಡೇ ಬಡವಾಗಿರ್ತವೆ. 0.14 ಬಂತು ಅಂತಿಟ್ಟುಕೊಳ್ಳಿ, ನಿಮಗೆ ಬೇಕಾದ್ದು 0.25. ಅದೇ ಬಣ್ಣದ 0.11 ಮಿ.ಮೀ. ಔಟ್‌ಲೈನ್ ಕೊಡ್ರಿ, ಎರಡೂ ಬದಿಗೆ ಅರ್ಧರ್ಧ ಹೋಗಿ ಗೆರೆ 0.25 ಆಗ್ತದೆ. ಮೂಲೆ ದುಂಡಗೆ ಇಡ್ರಿ. ಚೂಪು ಮೂಲೆ ಇಟ್ರೆ ಬೀಸಿನ ತುದಿಗಳಲ್ಲಿ ಮುಳ್ಳು ಏಳ್ತವೆ. ಆಮೇಲೆ ಔಟ್‌ಲೈನನ್ನು ಆಬ್ಜೆಕ್ಟ್ ಮಾಡಿ ಅಕ್ಷರದ ಜೊತೆ ವೆಲ್ಡ್ ಮಾಡಿ ಒಂದೇ ಆಕಾರ ಮಾಡ್ರಿ. ಹಾಗೇ ಬಿಟ್ರೆ ಬ್ಲಾಕ್ ಮಾಡೋ ಕಡೆ ಅಳತೆ ಬದಲಿಸಿದಾಗ ಔಟ್‌ಲೈನ್ ದಪ್ಪ ಜೊತೆಗೆ ಬದಲಾಗದೆ ಉಳೀಬಹುದು. ಗೆರೆ ದಪ್ಪ ಮಾಡಿದಷ್ಟೂ ‘ಇ’, ‘ಎ’ ಕಣ್ಣು ಮುಚ್ಚುತ್ತದೆ. ಅದಕ್ಕೇ 0.15ಕ್ಕಿಂತ ಜಾಸ್ತಿ ಔಟ್‌ಲೈನ್ ಬೇಕಾಗ್ತಿದ್ರೆ ಔಟ್‌ಲೈನ್ ಏರಿಸಬೇಡಿ, ಪಾಯಿಂಟ್ ಏರಿಸ್ರಿ.

ಕನ್ನಡದಲ್ಲಿ ಎರಡು ಜಾಗ ಹುಷಾರು. ‘ಷ’ದ ಹೊಟ್ಟೆ ಸೀಳು, ‘ಣ’ದ ಒಳಸುಳಿ. ಇಂಗ್ಲಿಷ್ ಸರಿ ಬಂದು ಇವೆರಡೇ ಮೆತ್ತಿಕೊಂಡ್ರೆ ಇಡೀ ಪತ್ರ ಹಾಳು.

ಶಾಖ 100ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಶುರು ಮಾಡಿ ಐದೈದು ಡಿಗ್ರಿ ಏರಿಸಿ ನೋಡೋದು. ತೆಳು ಗೆರೆ ಹರಿದಿದೆ ಅಂದ್ರೆ ಶಾಖ ಅಥವಾ ಒತ್ತಡ ಕಡಿಮೆ. ಅಕ್ಷರದ ಕಣ್ಣಲ್ಲಿ ಬಂಗಾರದ ಪೊರೆ ನಿಂತಿದೆ ಅಂದ್ರೆ ಜಾಸ್ತಿ. ಎರಡೂ ಒಟ್ಟಿಗೆ ಕಂಡ್ರೆ ಮಶೀನ್ ದೋಷ ಅಲ್ಲ, ಫಾಯಿಲ್ ದರ್ಜೆ ತಪ್ಪು. ದೊಡ್ಡ ಪಟ್ಟೆಗೆ ಬಳಸೋ ಫಾಯಿಲ್ ಬೇಗ ಬಿಡ್ತದೆ, ಸಣ್ಣ ಅಕ್ಷರಕ್ಕೆ ಬಿಗಿಯಾಗಿ ಬಿಡೋ ಫೈನ್ ಲೈನ್ ದರ್ಜೆ ಕೇಳಿ ತಗೊಳ್ರಿ.

60 ಪ್ರತಿಗೆ ಬ್ಲಾಕ್ ಖರ್ಚು ಬೇಡ, ಬಂಗಾರ ಬಣ್ಣದ ಸ್ಕ್ರೀನ್ ಪ್ರಿಂಟ್ ಸಾಕು ಅಂತ ಸಮಿತಿ ಹೇಳಬಹುದು. ಹೆಸರಿನ ಸಾಲಿಗೆ ಒಪ್ಪಬೇಡಿ. ತೆಳು ಗೆರೆಗೆ ಒತ್ತಾದ ಜಾಳಿಗೆ ಬೇಕು, ಸೆಂ.ಮೀ.ಗೆ 120 ಎಳೆ ಆದ್ರೂ. ಬಂಗಾರ ಬಣ್ಣದ ಲೋಹದ ಪುಡಿ ಅಂಥ ಜಾಳಿಗೆಯಲ್ಲಿ ಕಟ್ಟಿಕೊಳ್ತದೆ. ಜಾಳಿಗೆ ಸಡಿಲ ಮಾಡಿದ್ರೆ ಗೆರೆ ಅಂಚು ಮೆಟ್ಟಿಲು ಮೆಟ್ಟಿಲಾಗ್ತದೆ. ಕಪ್ಪು ಒಕ್ಕಣೆ ಮಾತ್ರ ಸ್ಕ್ರೀನೋ ಡಿಜಿಟಲ್ಲೋ ಯಾವುದಾದ್ರೂ ನಡೀತದೆ. ಕಪ್ಪು ಒಂದೇ ಇಂಕಿನ ನೂರಕ್ಕೆ ನೂರು ಇರ್ಲಿ. ನಾಲ್ಕು ಬಣ್ಣ ಕೂಡಿಸಿದ ಕಪ್ಪು ಕೊಟ್ರೆ 16 ಪಾಯಿಂಟ್ ಚಾನ್ಸರಿ ಅಂಚಲ್ಲಿ ಕೆಂಪು–ನೀಲಿ ನೆರಳು ಬರ್ತದೆ. ಮತ್ತೆ ಕಪ್ಪು ಮೊದಲು ಹೊಡೆದು ಫಾಯಿಲ್ ಕೊನೆಗೆ ಒತ್ತಿಸ್ರಿ. ಫಾಯಿಲ್ ಆದ ಹಾಳೆ ಡಿಜಿಟಲ್ ಮಶೀನಿಗೆ ಹಾಕಿದ್ರೆ ಫ್ಯೂಸರ್ ಶಾಖಕ್ಕೆ ಫಾಯಿಲ್ ಎದ್ದು ಬರಬಹುದು.

---

ಬೀದರ ಕೆತ್ತನೆ:

ಬಿದರಿ ಫಲಕದ ಅಕ್ಷರ ಬ್ಯಾರೇನೇ ಕೊಡಬೇಕ್ರಿ, ಕಾಗದದ ಫೈಲ್ ಸಣ್ಣದು ಮಾಡಿ ಕಳಸಬ್ಯಾಡ್ರಿ.

ಫಲಕ ಸತು–ತಾಮ್ರದ ಎರಕ, ಹೆಚ್ಚು ಕಡಿಮೆ 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿ ತಾತ್ಪೂರ್ತಿಕ ಕಪ್ಪು ಮಾಡ್ತಾರ, ಅದರ ಮ್ಯಾಲ ಚೂಪು ಮೊನೆಯಿಂದ ಅಕ್ಷರ ಬಿಡಿಸ್ತಾರ. ಆಮ್ಯಾಲ ಉಳಿಯಿಂದ ಕೊರದು ಬೆಳ್ಳಿ ಕೂಡಸ್ತಾರ. ಬೆಳ್ಳಿ ಕೂಡಸೋದ್ರಾಗ ಎರಡು ಪದ್ಧತಿ. ತಂತಿ ಬಡದು ಕೂಡಸೋದು ತಾರಕಶಿ, ತಗಡು ಕತ್ತರಿಸಿ ಕೂಡಸೋದು ತೆಹನಿಶಾನ. ಚಾನ್ಸರಿ ಅಕ್ಷರಕ್ಕ ಇದು ಭಾಳ ಹೊಂದತದ, ಯಾಕಂದ್ರ ದಪ್ಪ ಗೆರೆಗೆ ತಗಡು, ತೆಳು ಗೆರೆಗೆ ತಂತಿ ಹಾಕಬಹುದು. ಆದ್ರ ತಂತಿ ಉದ್ದಕ್ಕೂ ಒಂದೇ ದಪ್ಪ ಇರ್ತದ. ಕಾಗದದ ಮ್ಯಾಲ ಕೂದಲೆಳಿ ಆಗಿ ಕರಗೋ ತುದಿ ಇಲ್ಲಿ ಮೊಂಡ ಆಗಿ ನಿಲ್ತದ. ದಪ್ಪದಿಂದ ತೆಳುವಿಗೆ ನಿಧಾನ ಇಳಿಯೋ ಜಾಗ ತಗಡಿನಾಗೇ ಬರಬೇಕು, ತಂತಿ ಆಮ್ಯಾಲ ಶುರು ಆಗಬೇಕು. ನೀವು ಕೊಡೋ ನಕ್ಷೆಯೊಳಗ ಆ ಕೂಡೋ ಜಾಗಕ್ಕ ಅಡ್ಡ ಗೀಟು ಹಾಕಿ ತೋರಸ್ರಿ, ಕೆತ್ತೋರಿಗೆ ಊಹೆ ಮಾಡೋ ಕೆಲಸ ಇರಂಗಿಲ್ಲ.

ಸಣ್ಣಕ್ಷರದ ಮೈ 6 ಮಿ.ಮೀ.ಗಿಂತ ಕಡಿಮಿ ಬ್ಯಾಡ. 5 ನಿಬ್ಬಿನ ಲೆಕ್ಕ ಹಿಡದ್ರ ದಪ್ಪ ಗೆರೆ 1.2 ಮಿ.ಮೀ. ಬರ್ತದ, ತಗಡು ಕತ್ತರಿಸಲಿಕ್ಕೆ ಅಷ್ಟು ಬೇಕು. ಜಾಫ್ ಚಾನ್ಸರಿ ಅಳತಿಗೆ ಅದು ಸುಮಾರು 39 ಪಾಯಿಂಟ್. ಆ ಅಳತಿಗೆ 20 ಸೆಂ.ಮೀ. ಅಗಲದ ಫಲಕದ ಮ್ಯಾಲ ಹೆಸರು ಒಂದು ಸಾಲು, ಇಸವಿ ಒಂದು ಸಾಲು, ಅಷ್ಟೇ ಹಿಡೀತದ. ಪದವಿ, ಕಾಲೇಜು, ಸಮಿತಿ ಎಲ್ಲಾ ಹಿತ್ತಾಳಿ ಪಟ್ಟಿಗೆ ಹಾಕಿ ಕೆಳಗ ಕೂಡಸ್ರಿ. ಬಾಲದಕ್ಷರ ಒಂದೇ ಸಾಕು.

ಟ್ರೇಸಿಂಗ್ ಹಾಳಿ ಮ್ಯಾಲ ನಿಜ ಅಳತಿ, ಔಟ್‌ಲೈನ್ ಮಾತ್ರ, ನೆಟ್ಟಗಿನದೇ ಕೊಡ್ರಿ. ಫಾಯಿಲ್ ಬ್ಲಾಕ್‌ನಂಗ ಕನ್ನಡಿ ತಿರುವು ಇಲ್ಲಿ ಬ್ಯಾಡ. ಬ್ಲಾಕ್‌ಗೆ ಕೊಟ್ಟ ತಿರುವಿದ ಫೈಲೇ ತಪ್ಪಿ ಇಲ್ಲಿಗೆ ಬಂದ್ರ, ಕೊರದ ಮ್ಯಾಲ ತಿದ್ದಲಿಕ್ಕೆ ಬರಂಗಿಲ್ಲ. ಕಾಗುಣಿತಕ್ಕೂ ಹಂಗೇ, ಪ್ರಾಚಾರ್ಯರ ಮನಿಯವರ ಕೈಲೆ ಹೆಸರು ಬರೆಸಿಕೊಂಡು ಬರ್ರಿ. ಎಲ್ಲಾ ಆದ ಮ್ಯಾಲ ಕೋಟೆ ಮಣ್ಣು, ನವಸಾಗರ ಕೂಡಿಸಿದ ನೀರಿಗೆ ಹಾಕಿ ಕಪ್ಪು ಮಾಡ್ತಾರ, ಎರಕ ಕಪ್ಪಾಗ್ತದ, ಬೆಳ್ಳಿ ಹಂಗೇ ಬೆಳ್ಳಗ ಉಳೀತದ. ಕಪ್ಪಿನ ಮ್ಯಾಲ ಬಿಳಿ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣ್ತದ, ಅದಕ್ಕ ಕಾಗದದ ಮ್ಯಾಲ ಕರಿ ಗೆರೆ ನೋಡಿ ‘ಸಪೂರ ಆಯ್ತು’ ಅಂತ ದಪ್ಪ ಮಾಡಲಿಕ್ಕೆ ಹೋಗಬ್ಯಾಡ್ರಿ.

ಇನ್ನೊಂದು ಮಾತು. ಬೀದರದ ಮಹ್ಮೂದ್ ಗವಾನ್ ಮದರಸಾ ನೋಡಿದ್ರ, 1472ರದು, ಎದುರಿನ ಗ್ವಾಡಿ ಮ್ಯಾಲ ಹೆಂಚಿನ ಅಕ್ಷರ ಇನ್ನೂ ಒಂದಿಷ್ಟು ಉಳದಾವ. ತಗ್ಗಿನಿಂದ ಮ್ಯಾಲ ನೋಡೋರ ಕಣ್ಣಿಗೆ ಮುಟ್ಟಬೇಕು ಅಂತ ಬರದ ಅಕ್ಷರ ಅದು, ದಪ್ಪ ಗೆರೆ ಧೈರ್ಯದಿಂದ ಹಾಕ್ಯಾರ. ನಿಮ್ಮ ಎ3 ಚೌಕಟ್ಟಿನ ಅಳತಿ ನಿರ್ಧಾರ ಮಾಡೋ ಮುಂಚೆ ಪ್ರೂಫ್ ಗ್ವಾಡಿಗೆ ಅಂಟಿಸಿ ದೂರ ನಿಂತು ನೋಡ್ರಿ, ಸ್ಕ್ರೀನ್ ಮ್ಯಾಲ ನೋಡಿ ಒಪ್ಪಬ್ಯಾಡ್ರಿ.

---

ಶಹಾಬಜಾರ ಡಿಟಿಪಿ, ಕಲಬುರಗಿ:

ಇಂಥಾ ವಿವರ ಎಲ್ಲೂ ಸಿಕ್ಕಿದ್ದಿಲ್ಲ, ಎಲ್ಲರಿಗೂ ಶರಣು. 30 ಪಾಯಿಂಟ್ ಹೆಸರಿನ ಸಾಲು ಅಳದೆ, ‘ಇ’ ಅಡ್ಡಗೆರೆ 0.2ಕ್ಕಿಂತ ಕಡಿಮಿ ಅದ, 0.1 ಔಟ್‌ಲೈನ್ ಕೊಟ್ಟೀನಿ, ಕಣ್ಣು ತೆರದೇ ಅದ. ಈಗ ಸಮಿತಿಯವರು ಉರ್ದು ಒಂದು ಸಾಲು ಸೇರಸ್ರಿ ಅಂತಾರ, ಪ್ರಾಚಾರ್ಯರ ಶಿಷ್ಯರು ಬರೆದ ಹಾರೈಕೆ. ಚಾನ್ಸರಿ ಓರೆ, ಉರ್ದು ಓರೆ, ಎರಡೂ ಒಂದೇ ಹಾಳಿ ಮ್ಯಾಲ ಕೂಡ್ತಾವೇನ್ರಿ?

---

ಕಲಮು, ಕಾಗದ (ಯಾದಗಿರಿ):

ಕೂಡ್ತಾವ್ರಿ, ಕನ್ನಡಕ್ಕಿಂತ ಸಲೀಸಾಗಿ ಕೂಡ್ತಾವ. ಉರ್ದು ಬರೆಯೋ ನಸ್ತಾಲೀಕ್ ಶೈಲಿ ಬರೆಯೋದೂ ಚಪ್ಪಟೆ ಮೊನೆಯ ಕಲಮಿನಿಂದಲೇ, ಒತ್ತಡದಿಂದಲ್ಲ, ಕೋನದಿಂದ ದಪ್ಪ–ತೆಳು. ಅದರ ಪದಗಳು ಬಲದ ಮ್ಯಾಲಿನಿಂದ ಎಡದ ಕೆಳಗ ಇಳೀತಾವ, ಚಾನ್ಸರಿ ಅಕ್ಷರದ ಕಾಲುಗಳೂ ಅದೇ ದಿಕ್ಕಿಗೆ ವಾಲ್ಯಾವ. ಆ ಸಾಲು ಇಂಗ್ಲಿಷ್ ಒಕ್ಕಣೆ ಕೆಳಗ, ಬಲ ಅಂಚಿಗೆ ಹೊಂದಿಸಿ ಇಡ್ರಿ.

ಜಮೀಲ್ ನೂರಿ ನಸ್ತಾಲೀಕ್ ಅಥವಾ ನೋಟೊ ನಸ್ತಾಲೀಕ್ ಉರ್ದು ತಗೋರಿ. ಇದಕ್ಕ ಬೋಲ್ಡ್, ಇಟಾಲಿಕ್, ಟ್ರ್ಯಾಕಿಂಗ್ ಯಾವದೂ ಕೊಡಬ್ಯಾಡ್ರಿ, ಟ್ರ್ಯಾಕಿಂಗ್ ಕೊಟ್ರ ಕೂಡಿದ ಅಕ್ಷರ ಹರೀತಾವ. ಪದ ಇಳಿಜಾರು ಇರೋದ್ರಿಂದ ಮ್ಯಾಲ–ಕೆಳಗ ಜಾಗ ಜಾಸ್ತಿ ಬೇಡ್ತದ, 20 ಪಾಯಿಂಟ್ ಉರ್ದುವಿಗೆ 40 ಪಾಯಿಂಟ್ ಎತ್ತರದ ಜಾಗ ಬಿಡ್ರಿ, ಇಲ್ಲಾಂದ್ರ ಮ್ಯಾಲಿನ ಇಂಗ್ಲಿಷ್ ಸಾಲಿನ ಬಾಲಕ್ಕ ಉರ್ದು ಚುಕ್ಕಿ ತಾಗಿ ಅಕ್ಷರವೇ ಬ್ಯಾರೆ ಆಗಿ ಓದಿಸ್ತದ. ಇನ್‌ಪೇಜ್ ಅಂಬೋ ಉರ್ದು ಸಾಫ್ಟ್‌ವೇರ್‌ನಾಗ ಟೈಪ್ ಮಾಡಿಸಿದ್ರ ಇಪಿಎಸ್ ತಗದು ಕರ್ವ್ಸ್ ಆಗಿ ಕೋರಲ್‌ಗೆ ತರ್ರಿ, ಕಾಪಿ–ಪೇಸ್ಟ್ ಬ್ಯಾಡ. ಕೋರಲ್‌ಗೆ ತಂದ ಮ್ಯಾಲ ಉರ್ದು ಓದಬಲ್ಲವರ ಕೈಲೆ ಇನ್ನೊಮ್ಮೆ ಓದಿಸಿ, ಚುಕ್ಕಿ ಎಣಿಸಿ, ಅದಾದ ಮ್ಯಾಲ ಪ್ಲೇಟಿಗೆ ಕೊಡ್ರಿ.